ಹಳೆಯ ಜಿಪ್ಸಿಗೆ ಪಾಲಿಯುರೆಥೇನ್ ಬುಷ್: ಒಂದು ಮಳೆಗಾಲದ ನಂತರ

ನಮ್ಮ ಮನೆಯ ಮಾರುತಿ ಜಿಪ್ಸಿ 1998ರದು, 1.3 ಲೀಟರ್ ಎಂಜಿನ್ನಿನ, ಕಾರ್ಬ್ಯುರೇಟರ್ ಕಾಲದ ಗಾಡಿ. ಮುಂದೆಯೂ ಹಿಂದೆಯೂ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಇರುವ ಈ ವಾಹನದಲ್ಲಿ, ಸ್ಪ್ರಿಂಗಿನ ಕೀಲುಗಳಲ್ಲಿ ಮೆತ್ತೆಯಂತೆ ಕೂರುವ ರಬ್ಬರ್ ಬುಷ್‌ಗಳು ಒಣಗಿ ಸೀಳಿದ ಮೇಲೆ, ಸಕಲೇಶಪುರದ ತೋಟದ ದಾರಿಯಲ್ಲಿ ಅದು ಹಿಡಿದವನ ಮಾತು ಕೇಳುತ್ತಿರಲಿಲ್ಲ. ಹಾಗಾಗಿ ಪಾಲಿಯುರೆಥೇನ್ ಎಂಬ, ರಬ್ಬರಿಗಿಂತ ಗಡುಸಾದ ಪ್ಲಾಸ್ಟಿಕ್ಕಿನ ಬುಷ್‌ಗಳ ಒಂದು ಸೆಟ್ ತರಿಸಿ ನಾನೇ ಹಾಕಿದೆ.

ಹೊಸದನ್ನು ಕೂರಿಸುವುದು ಸುಲಭ, ಏಕೆಂದರೆ ಅವು ಎರಡು ಹೋಳುಗಳಾಗಿ ಕೈಯಲ್ಲೇ ಒಳಗೆ ಹೋಗುತ್ತವೆ. ಹಳೆಯದನ್ನು ತೆಗೆಯುವುದೇ ನಿಜವಾದ ಕೆಲಸ. ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿಯ, ಅಂದರೆ ಶ್ಯಾಕಲ್‌ನ, ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿದ್ದರೂ ಒಂದನ್ನು ಕೊಯ್ದೇ ತೆಗೆಯಬೇಕಾಯಿತು. ಜಾಕ್ ಒಂದನ್ನೇ ನಂಬಿ ಗಾಡಿಯ ಅಡಿಗೆ ಹೋಗಬಾರದು; ಚಾಸಿಗೆ ಗಟ್ಟಿಯಾದ ಸ್ಟ್ಯಾಂಡ್ ಕೊಡಲೇಬೇಕು.

ತಿರುವುಗಳಲ್ಲಿ ಈಗ ಹಿಡಿತ ಸ್ಪಷ್ಟವಾಗಿದೆ, ಹೊಂಡಕ್ಕೆ ಇಳಿದಾಗ ಬರುತ್ತಿದ್ದ ಲಟಲಟ ಸದ್ದು ನಿಂತಿದೆ. ಆದರೆ ಸವಾರಿ ಒಂದಿಷ್ಟು ಗಡುಸಾಯಿತು, ಅದನ್ನು ನಮ್ಮ ತಾಯಿಯವರು ಮೊದಲ ದಿನವೇ ಹೇಳಿದರು. ಕೆಸರು ಒಳಸೇರಿದರೆ ಕಿರುಗುಟ್ಟುತ್ತದೆ. ಸಿಲಿಕೋನ್ ಗ್ರೀಸ್ ಹಚ್ಚಿದರೆ ಸುಮ್ಮನಾಗುತ್ತದೆ. ಆ ಗ್ರೀಸನ್ನು ತಯಾರಕರು ಸೆಟ್‌ನಲ್ಲಿ ಕೊಟ್ಟಿರಲಿಲ್ಲ, ಅಳವಡಿಕೆಯ ಸೂಚನೆಯ ಒಂದು ಹಾಳೆಯೂ ಇರಲಿಲ್ಲ. ಇಷ್ಟು ಬೆಲೆಯ ಸಾಮಾನಿಗೆ ಇದು ಜಿಪುಣತನವೇ ಸರಿ. ಡಾಂಬರು ರಸ್ತೆಯಲ್ಲೇ ಓಡಿಸುವವರಿಗೆ ಹೊಸ ರಬ್ಬರ್ ಬುಷ್ ಸಾಕು.