ಇಂಗ್ಲೆಂಡಿನ ಮೂಲಸೌಕರ್ಯ ಲೆವಿ: ದರ ಸ್ಪಷ್ಟ, ಖರ್ಚು ಮಸುಕು

ಹೊಸ ಕಟ್ಟಡಗಳು ಏಳುವಲ್ಲಿ ರಸ್ತೆ, ಶಾಲೆ, ಉದ್ಯಾನಗಳಿಗೆ ತಗಲುವ ವೆಚ್ಚದಲ್ಲಿ ಒಂದು ಪಾಲನ್ನು ಕಟ್ಟಿಸುವವರೇ ಹೊರಬೇಕೆಂಬ ತತ್ತ್ವದ ಮೇಲೆ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2010ರಿಂದ ‘ಕಮ್ಯುನಿಟಿ ಇನ್‌ಫ್ರಾಸ್ಟ್ರಕ್ಚರ್ ಲೆವಿ’ ಜಾರಿಯಲ್ಲಿದೆ. ಕಾನೂನಿನ ಕಣ್ಣಿಗೆ ಇದೊಂದು ಶುಲ್ಕ. ಆದರೆ ಹಣ ತೆತ್ತು ಪಡೆಯುವ ಸೇವೆಯೊಂದನ್ನು ಅಳೆಯುವಂತೆಯೇ ಇದನ್ನೂ ಅಳೆಯಬಹುದೆಂದು ನನಗೆ ತೋರುತ್ತದೆ.

ಮೊದಲ ಮೆಚ್ಚುಗೆ ದರಪಟ್ಟಿಗೆ ಸಲ್ಲಬೇಕು. ಇದಕ್ಕೂ ಮೊದಲು ಇಂಥ ಹಣ ಮುಖ್ಯವಾಗಿ 1990ರ ನಗರ ಯೋಜನಾ ಕಾಯ್ದೆಯ 106ನೇ ಕಲಮಿನ ಒಪ್ಪಂದಗಳ ಮೂಲಕ ಬರುತ್ತಿತ್ತು. ಪ್ರತಿ ಯೋಜನೆಗೂ ಕೌನ್ಸಿಲ್ (ಸ್ಥಳೀಯ ಆಡಳಿತ ಸಂಸ್ಥೆ) ಮತ್ತು ಡೆವಲಪರ್ ವಕೀಲರನ್ನು ಮುಂದಿಟ್ಟುಕೊಂಡು ಚೌಕಾಸಿ ಮಾಡಬೇಕಿತ್ತು. ಆ ಪದ್ಧತಿ ಈಗಲೂ ಉಳಿದಿದೆಯಾದರೂ, ಲೆವಿಯನ್ನು ಅಳವಡಿಸಿಕೊಂಡ ಕೌನ್ಸಿಲ್‌ಗಳಲ್ಲಿ ಸ್ವತಂತ್ರ ಪರೀಕ್ಷಕರು ಪರಿಶೀಲಿಸಿದ, ಚದರ ಮೀಟರಿಗೆ ಇಷ್ಟೆಂಬ ದರ ಬಹಿರಂಗವಾಗಿಯೇ ಇರುತ್ತದೆ. 100 ಚದರ ಮೀಟರ್ ಅಥವಾ ಅದಕ್ಕಿಂತ ಹೆಚ್ಚಿನ ಹೊಸ ಕಟ್ಟಡಕ್ಕೆ, ಅಥವಾ ಎಷ್ಟೇ ಚಿಕ್ಕದಾದರೂ ಹೊಸದೊಂದು ಮನೆಗೆ, ಇದು ಅನ್ವಯಿಸುತ್ತದೆ. ಜಮೀನು ಕೊಳ್ಳುವ ಮೊದಲೇ ಶುಲ್ಕವನ್ನು ಲೆಕ್ಕ ಹಾಕಿ, ಅದನ್ನು ಜಮೀನಿನ ಬೆಲೆಯಲ್ಲಿ ಇಳಿಸಿ ಮಾತಾಡಲು ಸಾಧ್ಯವಾಗುವುದು ಸಣ್ಣ ಅನುಕೂಲವಲ್ಲ.

ಕಾಗದಪತ್ರದ ವಿಷಯದಲ್ಲಿ ಈ ಮೆಚ್ಚುಗೆ ಕರಗುತ್ತದೆ. ತನಗಾಗಿಯೇ ಮನೆ ಕಟ್ಟಿಸಿಕೊಳ್ಳುವವರಿಗೆ 2014ರಿಂದ ವಿನಾಯಿತಿಯಿದೆ. ಆದರೆ ಅದನ್ನು ಕೆಲಸ ಆರಂಭವಾಗುವ ಮುನ್ನವೇ ಕೇಳಿ ಪಡೆಯಬೇಕು, ಆರಂಭದ ನೋಟಿಸನ್ನು ಪ್ರತ್ಯೇಕವಾಗಿ ಕೊಡಬೇಕು, ಮನೆ ಮುಗಿದ ಆರು ತಿಂಗಳೊಳಗೆ ದಾಖಲೆ ಸಲ್ಲಿಸಬೇಕು, ಮೂರು ವರ್ಷ ಅಲ್ಲಿಯೇ ವಾಸವಿರಬೇಕು. ಹಳೆಯ ಕಟ್ಟಡವನ್ನು ಕೆಡವುವುದೂ ಆರಂಭವೆಂದೇ ಎಣಿಕೆಯಾಗಬಹುದಾದ್ದರಿಂದ, ಅರ್ಜಿ ಹಾಕುವ ಮೊದಲು ಗೋಡೆಗೆ ಸುತ್ತಿಗೆ ಬಿದ್ದರೆ ವಿನಾಯಿತಿ ಹೋದಂತೆಯೇ. 2019ರ ತಿದ್ದುಪಡಿ ಇಂಗ್ಲೆಂಡಿನಲ್ಲಿ ಸ್ವಲ್ಪ ಕರುಣೆ ತೋರಿದೆ: ಆರಂಭದ ನೋಟಿಸ್ ತಪ್ಪಿದರೆ ಇಡೀ ವಿನಾಯಿತಿಯ ಬದಲು ಶುಲ್ಕದ ಶೇ. 20 ಅಥವಾ 2,500 ಪೌಂಡ್, ಇವೆರಡರಲ್ಲಿ ಕಡಿಮೆಯಾದದ್ದನ್ನು ದಂಡವಾಗಿ ತೆತ್ತರೆ ಸಾಕು. ನೂರಾರು ಮನೆ ಕಟ್ಟುವ ಕಂಪನಿಗೆ ಇಂಥ ನಮೂನೆಗಳನ್ನು ತುಂಬುವುದಕ್ಕೇ ಸಿಬ್ಬಂದಿ ಇರುತ್ತಾರೆ. ಒಂದೇ ಮನೆ ಕಟ್ಟುವವರು ಎಡವುವುದು ಇಲ್ಲಿಯೇ.

ಮುಖ್ಯ ತಕರಾರು ಖರ್ಚಿನದು. 106ನೇ ಕಲಮಿನ ಹಣವು ಆಯಾ ಯೋಜನೆಗೆ ನೇರವಾಗಿ ಸಂಬಂಧಿಸಿರಬೇಕೆಂಬ ನಿಯಮವಿದೆ. ಲೆವಿಗೆ ಆ ಕಟ್ಟಿಲ್ಲ. ಒಂದು ಬಡಾವಣೆಯಿಂದ ಬಂದ ಹಣವನ್ನು ಕೌನ್ಸಿಲ್ ತನ್ನ ವ್ಯಾಪ್ತಿಯ ಇನ್ನೊಂದು ಮೂಲೆಯ ಸೇತುವೆಗೆ ಬಳಸಬಹುದು. ಇದರಿಂದ ದೊಡ್ಡ ಕಾಮಗಾರಿಗಳಿಗೆ ಹಣ ಕೂಡಿಸಲು ಸಾಧ್ಯವಾಗುತ್ತದೆಂಬುದನ್ನು ಒಪ್ಪುತ್ತೇನೆ. ಆದರೆ ಹೊಸ ಮನೆಗಳ ವಾಹನದಟ್ಟಣೆಯನ್ನು ಸಹಿಸುವ ಪಕ್ಕದ ಬೀದಿಯವರಿಗೆ ಆ ಉತ್ತರ ಸಾಲದು. ಅವರ ಸಮಾಧಾನಕ್ಕೆಂಬಂತೆ ಸಂಗ್ರಹದ ಶೇ. 15ರಷ್ಟು ಪಾಲನ್ನು, ಸ್ಥಳೀಯರೇ ರೂಪಿಸಿದ ನೆರೆಹೊರೆಯ ಅಭಿವೃದ್ಧಿ ಯೋಜನೆ (‘ನೇಬರ್‌ಹುಡ್ ಪ್ಲಾನ್’) ಜಾರಿಯಲ್ಲಿರುವಲ್ಲಿ ಶೇ. 25ರಷ್ಟನ್ನು, ಆ ಪ್ರದೇಶಕ್ಕಾಗಿ ಮೀಸಲಿಡಲಾಗುತ್ತದೆ.

ಹಣದ ಗುರಿ ಒಂದೇ ಆದಾಗ ಇದೇ ವ್ಯವಸ್ಥೆ ಎಷ್ಟು ಚೆನ್ನಾಗಿ ನಡೆಯಬಲ್ಲದೆಂಬುದಕ್ಕೆ ಲಂಡನ್ನಿನ ಮೇಯರ್ ಲೆವಿ ಸಾಕ್ಷಿ. ಕ್ರಾಸ್‌ರೈಲ್ ರೈಲುಮಾರ್ಗಕ್ಕೆಂದೇ 2012ರ ಏಪ್ರಿಲ್‌ನಲ್ಲಿ ಆರಂಭವಾದ ಅದರ ದರ, ಬರೋಗೆ (ಲಂಡನ್ನಿನ ಸ್ಥಳೀಯ ಆಡಳಿತ ವಿಭಾಗಕ್ಕೆ) ತಕ್ಕಂತೆ ಚದರ ಮೀಟರಿಗೆ 20, 35 ಅಥವಾ 50 ಪೌಂಡ್ ಇತ್ತು. ಆ ಮಾರ್ಗ ಬಹಳ ತಡವಾಗಿಯಾದರೂ 2022ರ ಮೇ 24ರಂದು ಎಲಿಜಬೆತ್ ಲೈನ್ ಎಂಬ ಹೆಸರಿನಲ್ಲಿ ತೆರೆಯಿತು; ಶುಲ್ಕ ತೆತ್ತವರು ತಮ್ಮ ಹಣ ಯಾವುದಕ್ಕೆ ಹೋಯಿತೆಂದು ಕೇಳಿದರೆ ರೈಲನ್ನೇ ತೋರಿಸಬಹುದು. ಉಳಿದ ಕೌನ್ಸಿಲ್‌ಗಳಲ್ಲಿ ಇರುವುದು ಪ್ರತಿ ಡಿಸೆಂಬರ್ 31ರೊಳಗೆ ಪ್ರಕಟಿಸಬೇಕಾದ ವಾರ್ಷಿಕ ಲೆಕ್ಕಪತ್ರ. ಅದರಲ್ಲಿ ಬಂದ ಮೊತ್ತ, ಖರ್ಚಾದ ಮೊತ್ತ, ಕೈಯಲ್ಲಿ ಉಳಿದ ಮೊತ್ತ ಎಲ್ಲವೂ ಸಿಗುತ್ತದೆ, ತಾನು ತೆತ್ತ ಪೌಂಡುಗಳು ಯಾವ ರಸ್ತೆಗೆ ಬಿದ್ದವೆಂಬ ಸಾಲೊಂದನ್ನು ಬಿಟ್ಟು.