ಎದೆಗೆ ಆರಾಮ, ಹೆಬ್ಬೆರಳಿಗೆ ಕಾಟ: ಕೈಯಲ್ಲಿ ಹಿಡಿಯೋ ನೆಬ್ಯುಲೈಜರ್ ಜೊತೆ 14 ತಿಂಗಳು

ಔಷಧಿಯನ್ನು ಮಂಜು ಮಾಡಿ ಉಸಿರಿಗೆ ಕೊಡುವ ಈ ಮೆಷಿನ್ ಬಗ್ಗೆ ಬರೆದವರೆಲ್ಲ ಸದ್ದಿಲ್ಲ, ಹಗುರ, ಜೇಬಲ್ಲಿ ಹಿಡಿಸುತ್ತದೆ ಅಂತಲೇ ಬರೆದಿದ್ದಾರೆ. ಎಲ್ಲ ನಿಜ. ಆದರೆ ಅದನ್ನು ಮುಖದ ಹತ್ತಿರ ಹಿಡಿದು ಹತ್ತು ನಿಮಿಷ ಕೂತರೆ ಕೈಗೆ ಏನಾಗುತ್ತದೆ ಅಂತ ಒಬ್ಬರೂ ಬರೆದಿಲ್ಲ. ಕೊಂಡ ದಿನವೇ ವಿಮರ್ಶೆ ಬರೆದರೆ ಅದು ಗೊತ್ತಾಗುವುದಾದರೂ ಹೇಗೆ, ಅಲ್ವಾ?

ನಾನು ಬಳ್ಳಾರಿಯಲ್ಲಿ ಜೀನ್ಸ್ ಕಟಿಂಗ್ ಮಾಸ್ಟರ್. 22 ವರ್ಷದಿಂದ ಅದೇ ಕೆಲಸ. ಡೆನಿಮ್ ಕತ್ತರಿಸುವಾಗ ಏಳುವ ನೀಲಿ ದೂಳು ಕಣ್ಣಿಗೆ ಕಾಣುವುದೇ ಕಮ್ಮಿ. ಸಂಜೆ ಮೂಗು ಒರೆಸಿದಾಗ ಕರ್ಚೀಫ್ ಮೇಲೆ ಕಾಣುತ್ತದೆ. ಆಸ್ತಮಾ ಮೊದಲಿನಿಂದಲೂ ಇತ್ತು, ದೂಳು ಅದನ್ನು ಚೆನ್ನಾಗಿ ಸಾಕಿತು. ದಿನಾ ಇನ್‌ಹೇಲರ್ ತಗೋತೇನೆ. ಚಳಿಗಾಲದಲ್ಲಿ, ಉಸಿರು ಕಟ್ಟುವ ವಾರಗಳಲ್ಲಿ, ಡಾಕ್ಟರ್ ಹೇಳಿದ ಪ್ರಕಾರ ಬೆಳಿಗ್ಗೆ ಸಂಜೆ ನೆಬ್ಯುಲೈಜರ್.

ಹಳೆಯದು ಕಂಪ್ರೆಸರ್ ಮೆಷಿನ್. ಆನ್ ಮಾಡಿದರೆ ಹಿಟ್ಟಿನ ಗಿರಣಿ ಶುರುವಾದ ಹಾಗೆ. ಬೆಳಿಗ್ಗೆ ಐದೂವರೆಗೆ ನಾನು ಔಷಧಿ ತಗೊಂಡರೆ ವಠಾರವೇ ಎದ್ದು ಕೂರುತ್ತಿತ್ತು. ಅದಕ್ಕೇ ಹೋದ ವರ್ಷ 2,300 ರೂಪಾಯಿ ಕೊಟ್ಟು ಈ ಪುಟ್ಟ ಮೆಶ್ ನೆಬ್ಯುಲೈಜರ್ ತಗೊಂಡೆ. ಕಂಪನಿ ಹೆಸರು ಹೇಳುವುದಿಲ್ಲ. ಅಂಗಡಿಯಲ್ಲಿ ಇಟ್ಟಿದ್ದ ನಾಲ್ಕೈದು ಮಾಡೆಲ್ ಹಿಡಿದು ನೋಡಿದ್ದೇನೆ, ಹಿಡಿಕೆ ವಿಷಯದಲ್ಲಿ ಎಲ್ಲವೂ ಅಣ್ಣ ತಮ್ಮಂದಿರೇ.

ಮೊದಲ ಎರಡು ವಾರ ನಾನು ಅದರ ಭಕ್ತ. ಬೆಳಕು ಹರಿಯುವ ಮೊದಲು ಮಾಳಿಗೆ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಎದುರಿಗೆ ಬಳ್ಳಾರಿ ಗುಡ್ಡ ಇನ್ನೂ ಕಪ್ಪಗೆ ಮಲಗಿರುತ್ತಿತ್ತು. ಔಷಧಿಯ ಪುಟ್ಟ ಪ್ಲಾಸ್ಟಿಕ್ ರೆಸ್ಪ್ಯೂಲ್ ಕುತ್ತಿಗೆ ತಿರುಚಿದರೆ ಟಿಕ್ ಅನ್ನುತ್ತದೆ. ಬೋರಲು ಮಾಡಿ ಹಿಂಡಬೇಕು. ಕೊನೆಯ ಹನಿ ಯಾವಾಗಲೂ ಹಠ ಮಾಡುತ್ತದೆ, ಉಗುರಿನಿಂದ ಎರಡು ಸಲ ತಟ್ಟಿದರೆ ಬೀಳುತ್ತದೆ. ಬಟನ್ ಒತ್ತಿದರೆ ಸದ್ದೇ ಇಲ್ಲ, ಬೆಳ್ಳಗೆ ಮಂಜು ಮಾತ್ರ. ಪಕ್ಕದ ಗೋಡೆ ಮೇಲಿನ ಪಾರಿವಾಳ ಕೂಡ ಕದಲುತ್ತಿರಲಿಲ್ಲ. ಎಂಟು ನಿಮಿಷಕ್ಕೆ 2 ಮಿಲಿ ಖಾಲಿ. ಔಷಧಿಯಲ್ಲಿರುವ ಬ್ಯುಡೆಸೊನೈಡ್ ಸ್ಟೆರಾಯ್ಡ್ ಆದ್ದರಿಂದ ಆಮೇಲೆ ಬಾಯಿ ಮುಕ್ಕಳಿಸಲೇಬೇಕು, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಬೂಸ್ಟು ಬರುವ ಸಾಧ್ಯತೆ ಇರುತ್ತದೆ. ಮುಕ್ಕಳಿಸಿ, ಚಹಾ ಕುಡಿದು, ಡ್ಯೂಟಿಗೆ.

ಒಳಗಿನ ತಂತ್ರ ಚಂದ ಇದೆ. ಮೆಶ್ ಅಂದರೆ ತೆಳ್ಳನೆ ಲೋಹದ ತಗಡು, ಅದರಲ್ಲಿ ಕಣ್ಣಿಗೆ ಕಾಣದ ಸಾವಿರಾರು ತೂತು. ತಗಡು ಸೆಕೆಂಡಿಗೆ ಒಂದು ಲಕ್ಷ ಸಲಕ್ಕೂ ಜಾಸ್ತಿ ನಡುಗುತ್ತದೆ, ಔಷಧಿ ತೂತಿನಿಂದ ಮಂಜಾಗಿ ಹೊರಬರುತ್ತದೆ. ನಮ್ಮ ಕಿವಿಗೆ ಅಷ್ಟು ವೇಗದ ಸದ್ದು ಕೇಳಿಸದು. ಅದಕ್ಕೇ ಆ ಮೌನ.

ಮೂರನೇ ವಾರ ಹೆಬ್ಬೆರಳು ಮಾತಾಡಲು ಶುರು ಮಾಡಿತು.

ಮೊದಲು ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಒಂದು ಗೆರೆ ಎಳೆದ ಹಾಗೆ ನೋವು. ಆಮೇಲೆ ಚೊಂಬು ಎತ್ತಿದರೆ, ಬಾಗಿಲ ಚಿಲಕ ತಿರುಗಿಸಿದರೆ ಚುಳ್ ಅನ್ನುವುದು. ಎಂಟು ನಿಮಿಷ ಮುಗಿದ ಮೇಲೆ ಬೆರಳು ಬಿಡಿಸಲು ಇನ್ನೊಂದು ಕೈ ಬೇಕಾಗುತ್ತಿತ್ತು. ನೂರು ಗ್ರಾಂ ಚಿಲ್ಲರೆ ತೂಕದ ವಸ್ತು ರೀ! ಕಾಲು ಕಿಲೋ ಬದನೆಕಾಯಿ ಇದಕ್ಕಿಂತ ಭಾರ.

ತೂಕದ ಮಾತಲ್ಲ ಅಂತ ಗೊತ್ತಾಗಲು ಬಹಳ ದಿನ ಬೇಕಾಯಿತು. ಹಿಡಿಯುವ ಭಾಗ ಎರಡೂವರೆ ಸೆಂಟಿಮೀಟರ್ ದಪ್ಪ, ಮೇಲೆ ಸೋಪಿನ ಹಾಗೆ ನುಣುಪು. ಅಂಥದ್ದು ಅಂಗೈಯಲ್ಲಿ ಕೂರುವುದಿಲ್ಲ, ಬೆರಳ ತುದಿಗೆ ಬರುತ್ತದೆ. ಚಿಟಿಕೆ ಹಿಡಿದ ಹಾಗೆ. ಚಿಟಿಕೆಯಲ್ಲಿ ಇಡೀ ಭಾರ ಹೊರುವುದು ಹೆಬ್ಬೆರಳೇ. ಇನ್ನೊಂದು, ಔಷಧಿ ಯಾವಾಗಲೂ ಆ ತಗಡಿಗೆ ತಾಗಿರಬೇಕು. ಸ್ವಲ್ಪ ಆ ಕಡೆ ವಾಲಿದರೂ ಮಂಜು ನಿಂತುಹೋಗುತ್ತದೆ. ವಾಲದಿರಲಿ ಅಂತ ಮಣಿಕಟ್ಟು ಬಗ್ಗಿಸಿ, ಮೊಣಕೈ ಗಾಳಿಯಲ್ಲಿ ಎತ್ತಿ ಕೂರುತ್ತಿದ್ದೆ. ಮೇಲೆ ಬಳ್ಳಾರಿ ಬೆವರು. ನಮ್ಮಲ್ಲಿ ಫೆಬ್ರವರಿ ದಾಟಿದರೆ ಹಿಡಿದದ್ದೆಲ್ಲ ಜಾರುತ್ತದೆ.

ಎಲ್ಲಕ್ಕಿಂತ ತಮಾಷೆ ಔಷಧಿಯದು. ಉಸಿರ್ನಾಳ ಅಗಲ ಮಾಡುವ ಸಾಲ್ಬುಟಮಾಲ್ ತಗೊಂಡರೆ ಕೆಲವರಿಗೆ ಬೆರಳು ನಡುಗುತ್ತವೆ. ನನಗೂ ಹಾಗೇ. ನಡುಗುವ ಕೈಯಲ್ಲಿ 2,300 ರೂಪಾಯಿ ವಸ್ತು ಇದ್ದರೆ ಏನು ಮಾಡುತ್ತೇವೆ? ಇನ್ನೂ ಬಿಗಿಯಾಗಿ ಹಿಡಿಯುತ್ತೇವೆ. ಬಟನ್ ಒಂದು ಸಲ ಒತ್ತಿ ಬಿಟ್ಟರೆ ಸಾಕು, ಆದರೆ ನನ್ನ ಹೆಬ್ಬೆರಳು ಅದರ ಮೇಲೇ ಕಾವಲು ಕೂತಿರುತ್ತಿತ್ತು. ಸುಮ್ನೆ.

ನಂದೂ ತಪ್ಪಿದೆ. ಪ್ರತಿ ಸಲ ಬಳಸಿದ ಮೇಲೆ ಡಿಸ್ಟಿಲ್ಡ್ ನೀರು ಹಾಕಿ ಒಂದೆರಡು ನಿಮಿಷ ಓಡಿಸಿ ಅಂತ ಪುಸ್ತಕದಲ್ಲಿ ಇತ್ತು. ನಾನು ಮನೆ ಬೋರ್ ನೀರು ಹಾಕಿದೆ. ಒಲೆ ಮೇಲಿಟ್ಟ ಪಾತ್ರೆಗೆ ಬಿಳಿ ಪದರ ಕಟ್ಟುವ ನೀರು, ಆ ಸಣ್ಣ ತೂತುಗಳನ್ನು ಬಿಡುತ್ತದೆಯೇ? ಮೂರು ತಿಂಗಳಲ್ಲಿ ಎಂಟು ನಿಮಿಷದ ಕೆಲಸ ಹದಿನಾಲ್ಕು ನಿಮಿಷಕ್ಕೆ ಹೋಯಿತು. ಮೆಷಿನ್ ಹತ್ತು ನಿಮಿಷಕ್ಕೆ ತಾನೇ ಆಫ್ ಆಗುತ್ತದೆ, ಮತ್ತೆ ಒತ್ತಬೇಕು. ತೂತು ಕಟ್ಟಿದಷ್ಟೂ ಹಿಡಿಯುವ ಹೊತ್ತು ಜಾಸ್ತಿ, ಹಿಡಿದಷ್ಟೂ ನೋವು ಜಾಸ್ತಿ. ಕೊನೆಗೆ ಔಷಧಿ ಹಾಕುವ ಕಪ್ಪನ್ನೇ ಬದಲಿಸಬೇಕಾಯಿತು, 650 ರೂಪಾಯಿ. ಈಗ ಮೆಡಿಕಲ್ ಶಾಪಿನಿಂದ ನೀರು ತರುತ್ತೇನೆ. ಬೆರಳು, ಹತ್ತಿ ಯಾವುದೂ ತಗಡಿಗೆ ತಾಗಿಸುವುದಿಲ್ಲ.

ಈ ನಡುವೆ ಸಂಡೂರಿಗೆ ಹೊರಟಿದ್ದೆ. ತೋರಣಗಲ್ಲು ಹತ್ತಿರ ಬಸ್ಸಿಗೆ ಕಾಯುವಾಗ ಅದಿರು ಲಾರಿಗಳ ಕೆಂಪು ದೂಳಿಗೆ ಎದೆ ಬಿಗಿಯಿತು. ಒಂದು ಮೂಲೆಗೆ ಹೋಗಿ ಮೆಷಿನ್ ತೆಗೆದೆ. ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದ, "ಅಣ್ಣಾ, ಯಾವ ಫ್ಲೇವರು?"

ನನಗೆ ಕೆಮ್ಮು ನಗು ಎರಡೂ ಒಟ್ಟಿಗೆ ಬಂದವು. ವೇಪ್ ಅಂದುಕೊಂಡಿದ್ದ. ಇ-ಸಿಗರೇಟ್ ತಯಾರಿಕೆ, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವೂ 2019ರ ಕಾಯ್ದೆಯಿಂದ ದೇಶದಲ್ಲೇ ನಿಷೇಧ ಅಂತ ಹೇಳಿದೆ. ಗೊತ್ತು ಅಂದ. ಗೊತ್ತಿದ್ದೇ ಕೇಳಿದ್ದು. ಇದು ಆಸ್ತಮಾ ಔಷಧಿ ಅಂದಾಗ ಅವನ ಮುಖ ಸಪ್ಪಗಾಯಿತು. ಆದರೆ ಹೋಗುವಾಗ ಒಂದು ಮಾತು ಹೇಳಿದ. "ಅದ್ಯಾಕ್ ಹಂಗ್ ಬೀಡಿ ಹಿಡ್ದಂಗ್ ಹಿಡ್ದೀರಿ, ಕೈ ನೋಯಂಗಿಲ್ಲೇನು? ಮುಷ್ಟ್ಯಾಗ ಹಿಡೀರಿ." ಅವನಿಗೆ ಅನುಭವ ಎಲ್ಲಿಂದ ಬಂತು ಅಂತ ನಾನು ಕೇಳಲಿಲ್ಲ. ಮಾತು ಮಾತ್ರ ನೂರಕ್ಕೆ ನೂರು ಸರಿ ಇತ್ತು.

ಮರುವಾರ ಮೂಳೆ ಡಾಕ್ಟರ್ ಹತ್ತಿರ ಹೋದೆ. ಹೆಬ್ಬೆರಳನ್ನು ಒಳಗೆ ಮಡಚಿ ಮುಷ್ಟಿ ಕಟ್ಟಿಸಿದರು, ಮಣಿಕಟ್ಟನ್ನು ಕಿರುಬೆರಳ ಕಡೆ ಬಗ್ಗಿಸಿದರು. ಕರೆಂಟ್ ಹೊಡೆದ ಹಾಗೆ ಎದ್ದು ನಿಂತೆ. "ಡಿ ಕರ್ವೇನ್" ಅಂದರು. ಹೆಬ್ಬೆರಳನ್ನು ಎಳೆಯುವ ಎರಡು ನರಗಳು, ಅಂದರೆ ಸ್ನಾಯುವಿನ ಹುರಿಗಳು, ಮಣಿಕಟ್ಟಿನ ಹತ್ತಿರ ಒಂದು ಸಣ್ಣ ಕೊಳವೆಯೊಳಗೆ ಓಡಾಡುತ್ತವೆ. ಕೊಳವೆ ಬಾತು ಇಕ್ಕಟ್ಟಾದರೆ ಈ ನೋವು. 1895ರಲ್ಲೇ ಸ್ವಿಟ್ಜರ್ಲೆಂಡಿನ ಫ್ರಿಟ್ಜ್ ಡಿ ಕರ್ವೇನ್ ಅನ್ನುವ ಸರ್ಜನ್ ಇದನ್ನು ವಿವರಿಸಿದ್ದರಂತೆ. ಕೂಸು ಎತ್ತಿ ಎತ್ತಿ ಬಾಣಂತಿಯರಿಗೂ ಬರುತ್ತದೆ.

ನಾನು ಮೆಷಿನ್ ತೋರಿಸಿ ದೂರು ಹೇಳಿದೆ. ಡಾಕ್ಟರ್ ನಕ್ಕು, ದಿನಕ್ಕೆ ಎಷ್ಟು ಗಂಟೆ ಕತ್ತರಿ ಹಿಡಿಯುತ್ತೀರಿ ಅಂತ ಕೇಳಿದರು. ನಾನು ಸುಮ್ಮನಾದೆ. ಇಪ್ಪತ್ತೆರಡು ವರ್ಷದಿಂದ ಸ್ಯಾಂಪಲ್ ಪ್ಯಾಂಟ್ ಕತ್ತರಿಸುತ್ತಿರುವ ಕತ್ತರಿಯನ್ನು ಬಿಟ್ಟು ಪಾಪ ಈ ನೂರು ಗ್ರಾಂ ಮೇಲೆ ಎಲ್ಲ ಆರೋಪ ಹೊರಿಸಿದ್ದೆ. ಕತ್ತರಿ ಹಾಕಿದ ಸಾಲಕ್ಕೆ ಮೆಷಿನ್ ಬಡ್ಡಿ ಸೇರಿಸುತ್ತಿತ್ತು, ಅಷ್ಟೇ. ಹೆಬ್ಬೆರಳಿಗೆ ಪಟ್ಟಿ ಕಟ್ಟಿ ಮೂರು ವಾರ ಕತ್ತರಿ ಮುಟ್ಟಬೇಡಿ ಅಂದರು. ಎರಡು ವಾರ ಮುಟ್ಟಲಿಲ್ಲ.

ಅಲ್ಲಿಂದ ಮೆಷಿನ್ ಮೇಲಿನ ಸಿಟ್ಟು ಇಳಿಯಿತು, ಹಿಡಿಯುವ ರೀತಿ ಬದಲಾಯಿತು. ಈಗ ಮೆಟ್ಟಿಲು ಬಿಟ್ಟು ಕಟಿಂಗ್ ಟೇಬಲ್ ಮುಂದೆ ಕೂರುತ್ತೇನೆ. ಎರಡೂ ಮೊಣಕೈ ಟೇಬಲ್ ಮೇಲೆ, ಕೆಳಗೆ ಮಡಚಿದ ಟವೆಲ್. ಮೆಷಿನ್ನನ್ನು ಮುಖದ ಹತ್ತಿರ ತರುವ ಬದಲು ಮುಖವನ್ನೇ ಅದರ ಕಡೆ ತಗೊಂಡು ಹೋಗುತ್ತೇನೆ, ಮಣಿಕಟ್ಟು ನೆಟ್ಟಗಿರುತ್ತದೆ. ಬೆಳಿಗ್ಗೆ ಬಲಗೈ, ಸಂಜೆ ಎಡಗೈ. ಎಡಗೈಗೆ ಮೊದಲು ಬಾಯಿ ಎಲ್ಲಿದೆ ಅಂತಲೇ ಗೊತ್ತಿರಲಿಲ್ಲ, ವಾರದಲ್ಲಿ ಕಲಿಯಿತು.

ಉಳಿದದ್ದು ಹಿಡಿಕೆ. 40 ರೂಪಾಯಿಯ ಸೈಕಲ್ ಗ್ರಿಪ್ ತಂದೆ, ಬಾಯಿ ಚಿಕ್ಕದಾಯಿತು. ಕ್ರೇಪ್ ಬ್ಯಾಂಡೇಜ್ ಸುತ್ತಿದೆ, ಎರಡೇ ದಿನಕ್ಕೆ ಸಡಿಲಾಗಿ ಜೋತುಬಿತ್ತು. ಆಮೇಲೆ ತಲೆಗೆ ಹೊಳೆಯಿತು. ಕಾಲ ಕೆಳಗೆ ರಾಶಿಗಟ್ಟಲೆ ಡೆನಿಮ್ ಚೂರು ಬಿದ್ದಿರುವಾಗ ನಾನು ಅಂಗಡಿ ಅಂಗಡಿ ಸುತ್ತುತ್ತಿದ್ದೇನೆ!

ಮೊದಲ ಕವಚ ಇನ್ನೂ ಒಗೆಯದ ಕಚ್ಚಾ ಡೆನಿಮ್ ಬಟ್ಟೆಯದು. ದಡ್ಡತನ. ಅದರ ಅಂಚಿನಿಂದ ನೀಲಿ ಎಳೆ ಉದುರಿ ಬಾಯಿ ಹತ್ತಿರವೇ ಬಂತು. ಯಾವ ದೂಳಿಗೆ ಔಷಧಿಯೋ ಅದೇ ದೂಳನ್ನು ಔಷಧಿ ಜೊತೆ ಎಳೆದುಕೊಂಡ ಹಾಗಾಯಿತು. ಎರಡನೆಯದಕ್ಕೆ ವಾಷಿಂಗ್ ಯೂನಿಟ್ಟಿನಲ್ಲಿ ಚೆನ್ನಾಗಿ ಒಗೆದು ಮೆತ್ತಗಾದ ತುಂಡು ತಗೊಂಡೆ. ಅಂಚಿಗೆಲ್ಲ ಓವರ್‌ಲಾಕ್, ಪಕ್ಕದ ಹೊಲಿಗೆ ಪ್ಯಾಂಟಿನ ಒಳಗಾಲಿಗೆ ಹಾಕುವ ಡಬಲ್ ಹೊಲಿಗೆ. ನಡುವೆ ಲೇಡೀಸ್ ಜಾಕೆಟ್ಟಿನ ಶೋಲ್ಡರ್ ಪ್ಯಾಡ್ ಸ್ಪಂಜು. ಟೇಪ್ ಹಿಡಿದರೆ ದಪ್ಪ 4 ಸೆಂಟಿಮೀಟರ್. ಬಟನ್ನಿಗೆ ಕಾಜ, ಚಾರ್ಜಿಂಗ್ ತೂತಿಗೆ ಇನ್ನೊಂದು ಕಾಜ, ಗಾಳಿ ಕಿಂಡಿ ಬಿಟ್ಟು ಹೊಲಿದೆ, ಮುಚ್ಚಿದರೆ ಬಿಸಿಯಾಗುತ್ತದೆ. ಹಿಂದೆ ಎರಡು ಬೆಲ್ಟ್ ಲೂಪ್, ಅದರೊಳಗೆ ಅಗಲ ಎಲಾಸ್ಟಿಕ್. ಕೈ ತೂರಿಸಿದರೆ ಮೆಷಿನ್ ಅಂಗೈಗೆ ಅಂಟಿಕೊಂಡು ನಿಲ್ಲುತ್ತದೆ. ಐದೂ ಬೆರಳು ಬಿಟ್ಟರೂ ಬೀಳುವುದಿಲ್ಲ. ಮೊದಲ ದಿನ ಬೆರಳು ಬಿಚ್ಚಿ, ಮಡಚಿ, ಮತ್ತೆ ಬಿಚ್ಚಿ ಔಷಧಿ ಮುಗಿಯುವ ತನಕ ಆಟ ಆಡಿದೆ. ಮಗಳು ನೋಡಿ "ಮೆಷಿನ್ನಿಗೆ ಪ್ಯಾಂಟ್ ಹಾಕ್ಸಿದ್ಯಾ" ಅಂತ ನಕ್ಕು, ಕೆಳಗೆ ಒಂದು ತಾಮ್ರದ ರಿವೆಟ್ ಹೊಡೆಸಿದಳು.

ಇಷ್ಟನ್ನು ಕಂಪನಿಯವರೇ ಮಾಡಬಹುದಿತ್ತು. ರಬ್ಬರ್ ಹಿಡಿಕೆ, ಒಂದು ಪಟ್ಟಿ, ಎಷ್ಟಾಗುತ್ತದೆ? ಮೂವತ್ತು ರೂಪಾಯಿ. ಡಬ್ಬಿ ಮೇಲೆ ಅದನ್ನು ಹಿಡಿದ ಚಿತ್ರದಲ್ಲಿ ಆ ಹೆಂಗಸು ನಗುತ್ತಿದ್ದಾಳೆ. ಫೋಟೋ ತೆಗೆಯಲು ಎರಡು ಸೆಕೆಂಡ್ ಸಾಕಲ್ಲ.

ತಗೋಬೇಕಾ ಅಂತ ಕೇಳಿದರೆ, ಊರೂರು ತಿರುಗುವವರು, ಮನೆಯಲ್ಲಿ ಮಲಗಿದ ಕೂಸು ಇರುವವರು ತಗೊಳ್ಳಿ. ಡಾಕ್ಟರನ್ನೂ ಒಮ್ಮೆ ಕೇಳಿ, ಬಹಳ ಜನಕ್ಕೆ ಸ್ಪೇಸರ್, ಅಂದರೆ ಬಾಯಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ, ಹಾಕಿದ ಇನ್‌ಹೇಲರ್ರೇ ಸಾಕಾಗುತ್ತದೆ, ಅದಕ್ಕೆ ಅಷ್ಟು ದುಡ್ಡೂ ಬೇಡ. ಕೈಗಂಟು ನೋವಿರುವ ಹಿರಿಯರಿಗೆ ಮಾತ್ರ ಇದನ್ನು ಸುಮ್ನೆ ಕೊಡಬೇಡಿ. ಕೊಟ್ಟರೆ ಎಲಾಸ್ಟಿಕ್ ಮಾಸ್ಕ್ ಸಿಗುವ ಮಾಡೆಲ್ ಕೊಡಿ. ನಾನು ಕೊಂಡ ವಾರ 5 ಸ್ಟಾರ್ ಒತ್ತಿದ್ದೆ, ಮೂರನೇ ತಿಂಗಳು 2ಕ್ಕೆ ಇಳಿಸಿದೆ. ಈಗ 4. ಅದರಲ್ಲಿ ಒಂದು ಪ್ಯಾಂಟಿಗೆ ಸೇರಬೇಕು.

ಹಳೆಯ ಕಂಪ್ರೆಸರ್ ಮಾರಿಲ್ಲ. ಸ್ಯಾಂಪಲ್ ಜಾಸ್ತಿ ಇದ್ದು ಹೆಬ್ಬೆರಳು ಮುನಿಸಿಕೊಂಡ ದಿನ ಅದರ ಮಾಸ್ಕ್ ಕಟ್ಟಿಕೊಂಡು, ಎರಡೂ ಕೈ ತೊಡೆ ಮೇಲೆ ಚಾಚಿ ಕೂರುತ್ತೇನೆ. ಗಿರಣಿ ಶುರುವಾಗುತ್ತದೆ, ಪಾರಿವಾಳ ಹಾರುತ್ತವೆ, ಪಕ್ಕದ ಮನೆಯವರು ಕಿಟಕಿ ಮುಚ್ಚುತ್ತಾರೆ.