ಜಪಾನಿನಲ್ಲಿ ಮಾಸ್ಟರ್ಸ್ ಸೀಟು ಆಯ್ತು ಅಂದರಾ? ದುಡ್ಡು ಕಟ್ಟುವ ಮುಂಚೆ ಪತ್ರ ಓದಿ

ಜಪಾನಿನ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಮಾಸ್ಟರ್ಸ್ ಸೀಟು ಸಿಕ್ಕಿದೆ ಎಂದು ಕನ್ಸಲ್ಟೆನ್ಸಿಯವರು ಫೋನ್ ಮಾಡಿದರೆ, ಪ್ರವೇಶ ಪತ್ರ ತರಿಸಿಕೊಂಡು ‘ರಿಸರ್ಚ್ ಸ್ಟೂಡೆಂಟ್’ ಅಥವಾ ‘ಕೆನ್‌ಕ್ಯೂಸೈ’ ಎಂಬ ಮಾತು ಇದೆಯಾ ನೋಡಿ. ಇದ್ದರೆ ಸೀಟು ಇನ್ನೂ ಸಿಕ್ಕಿಲ್ಲ. ಆರು ತಿಂಗಳೋ ಒಂದು ವರ್ಷವೋ ಒಬ್ಬ ಪ್ರೊಫೆಸರರ ಲ್ಯಾಬಿನಲ್ಲಿ ಕೂತು ಓದಲು ಅನುಮತಿ ಸಿಕ್ಕಿದೆ, ಅಷ್ಟೇ. ಡಿಗ್ರಿ ಬರುವುದಿಲ್ಲ. ಮಾಸ್ಟರ್ಸ್‌ಗೆ ಸೇರಬೇಕಾದರೆ ಬೇರೆ ಅರ್ಜಿ ಹಾಕಿ, ಎಂಟ್ರೆನ್ಸ್ ಬರೆದು ಪಾಸಾಗಬೇಕು. ಪ್ರೊಫೆಸರ್ ‘ಬಾ, ನನ್ನ ಲ್ಯಾಬಿಗೆ ಸೇರಿಸಿಕೊಳ್ಳುತ್ತೇನೆ’ ಎಂದು ಇಮೇಲ್ ಬರೆದಿದ್ದರೂ ಪರೀಕ್ಷೆಯಿಂದ ವಿನಾಯಿತಿ ಇಲ್ಲ. ಏಜೆಂಟರು ಬಾಯಿ ಬಿಡದೆ ನುಂಗಿಕೊಳ್ಳುವುದು ಇದೊಂದನ್ನೇ.

ಹುಡುಗರು ಸಿಕ್ಕಿಹಾಕಿಕೊಳ್ಳುವ ಬಗೆ ಹೆಚ್ಚುಕಡಿಮೆ ಒಂದೇ. ಅಕ್ಟೋಬರಿನಲ್ಲಿ ಹೋಗಿ ಇಳಿಯುತ್ತಾರೆ. ವಾರ್ಡ್ ಆಫೀಸಿನಲ್ಲಿ ವಿಳಾಸ ನೋಂದಣಿ (ಮನೆ ಹಿಡಿದ 14 ದಿನದೊಳಗೆ), ಆರೋಗ್ಯ ವಿಮೆ, ಬ್ಯಾಂಕ್ ಖಾತೆ, ಸಿಮ್ ಎನ್ನುವಷ್ಟರಲ್ಲಿ ನವೆಂಬರ್ ಕಳೆದಿರುತ್ತದೆ. ಜನವರಿ–ಫೆಬ್ರವರಿಯ ಎಂಟ್ರೆನ್ಸ್‌ಗೆ ಅರ್ಜಿ ಹಾಕುವ ದಿನ ಎಷ್ಟೋ ಕಡೆ ಡಿಸೆಂಬರಿಗೇ ಮುಗಿಯುತ್ತದೆ. ಅದಕ್ಕೆ ಟೋಫೆಲ್ ಅಥವಾ ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಂಕಪಟ್ಟಿ ಬೇಕು. ಐಇಎಲ್‌ಟಿಎಸ್ ಒಪ್ಪದ ವಿಭಾಗಗಳೂ ಇವೆ. ಅಲ್ಲಿಗೆ ಹೋಗಿ ಪರೀಕ್ಷೆ ಬರೆದು ಅಂಕಪಟ್ಟಿ ಕೈಗೆ ಬರುವ ಹೊತ್ತಿಗೆ ಕಾಲ ಮೀರಿರುತ್ತದೆ. ಇನ್ನು ಕೆಲವು ವಿಭಾಗಗಳು ಮುಖ್ಯ ಪರೀಕ್ಷೆಯನ್ನು ಆಗಸ್ಟಿನಲ್ಲೇ ಮುಗಿಸಿಬಿಡುತ್ತವೆ. ಅಕ್ಟೋಬರಿನಲ್ಲಿ ಹೋದವರು ಮುಂದಿನ ಆಗಸ್ಟಿನವರೆಗೆ ಫೀಸು ಕಟ್ಟುತ್ತಾ ಕಾಯಬೇಕು.

ಪ್ರಶ್ನೆಪತ್ರಿಕೆಯೂ ನಮ್ಮವರು ಅಂದುಕೊಂಡ ಹಾಗಿರುವುದಿಲ್ಲ. ಮೆಕ್ಯಾನಿಕಲ್‌ಗೆ ಹೋದರೆ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್, ಥರ್ಮೋಡೈನಮಿಕ್ಸ್, ಫ್ಲೂಯಿಡ್ಸ್ ಎಲ್ಲದರಲ್ಲೂ ಸೂತ್ರವನ್ನು ಮೊದಲಿಂದ ಸಾಧಿಸಿ, ಹಂತ ಹಂತವಾಗಿ ಬರೆದು ತೋರಿಸಬೇಕು. ಗೇಟ್ ತರಹ ಆಯ್ಕೆ ಗುರುತಿಸಿ ಎದ್ದುಬರುವಂತಿಲ್ಲ. ಕೆಲವು ವಿಭಾಗಗಳಲ್ಲಿ ಪ್ರಶ್ನೆ ಜಪಾನಿಯಲ್ಲಿ ಮಾತ್ರ ಇರುತ್ತದೆ. ಹಳೆಯ ಪ್ರಶ್ನೆಪತ್ರಿಕೆಗೆ ‘ಕಾಕೋಮೊನ್’ ಎನ್ನುತ್ತಾರೆ; ವಿಭಾಗದ ವೆಬ್‌ಸೈಟಿನಲ್ಲೋ ಆಫೀಸಿನಲ್ಲೋ ಸಿಗುತ್ತದೆ. ಅದನ್ನು ಭಾರತದಲ್ಲಿದ್ದಾಗಲೇ ತರಿಸಿ ಒಂದು ವರ್ಷದ್ದನ್ನು ಪೂರ್ತಿ ಬಿಡಿಸಿ ನೋಡಿ. ಅರ್ಧಕ್ಕರ್ಧ ಕೈಗೆ ಹತ್ತದಿದ್ದರೆ ಆ ವಿಭಾಗ ಬೇಡ.

ಬಿ.ಎಸ್ಸಿ., ಬಿ.ಕಾಂ., ಬಿ.ಎ.ಯವರಿಗೆ ಇನ್ನೊಂದು ಗುಂಡಿ. ಜಪಾನಿನ ಮಾಸ್ಟರ್ಸ್‌ಗೆ ಒಟ್ಟು 16 ವರ್ಷದ ಓದು ಬೇಕು. ಎಸ್ಸೆಸ್ಸೆಲ್ಸಿವರೆಗೆ 10, ಪಿಯುಸಿ 2, ಡಿಗ್ರಿ 3, ಕೂಡಿದರೆ 15. ಬಿ.ಇ.ಯವರಿಗೆ ಈ ತೊಡಕಿಲ್ಲ, ಎಂ.ಎಸ್ಸಿ. ಮುಗಿಸಿದವರಿಗೂ ಇಲ್ಲ. ಕರ್ನಾಟಕ 2024ರಲ್ಲಿ ನಾಲ್ಕು ವರ್ಷದ ಆನರ್ಸ್ ಪದ್ಧತಿ ಕೈಬಿಟ್ಟು ಮೂರು ವರ್ಷಕ್ಕೆ ಮರಳಿದ್ದರಿಂದ ಇನ್ನು ಮುಂದೆ ಇದು ಹೆಚ್ಚು ಜನರಿಗೆ ತಟ್ಟುತ್ತದೆ. 15 ವರ್ಷದವರನ್ನು ಪ್ರತ್ಯೇಕ ಅರ್ಹತಾ ಪರಿಶೀಲನೆ ಮಾಡಿ ತೆಗೆದುಕೊಳ್ಳುವ ಕಡೆಗಳಿವೆ. ಆದರೆ ಆ ಅರ್ಜಿಯ ಗಡುವು ಪ್ರವೇಶ ಅರ್ಜಿಗಿಂತ ಮೊದಲೇ ಇರುತ್ತದೆ. ಕೆನ್‌ಕ್ಯೂಸೈ ಆಗಿ ಸೇರಿಸಿಕೊಂಡರು ಎಂದರೆ ಮಾಸ್ಟರ್ಸ್ ಅರ್ಹತೆಯೂ ಒಪ್ಪಿಗೆಯಾಯಿತು ಎಂದುಕೊಳ್ಳಬೇಡಿ. ವಿಭಾಗದ ಆಫೀಸಿಗೆ ನೀವೇ ಬರೆದು, ಉತ್ತರ ಲಿಖಿತವಾಗಿ ಪಡೆಯಿರಿ.

ಲೆಕ್ಕ ನೋಡಿ. ಸರ್ಕಾರಿ ವಿಶ್ವವಿದ್ಯಾಲಯಗಳ ಸಾಮಾನ್ಯ ದರದಲ್ಲಿ ಕೆನ್‌ಕ್ಯೂಸೈಗೆ ಅರ್ಜಿ ಶುಲ್ಕ 9,800 ಯೆನ್, ಪ್ರವೇಶ ಶುಲ್ಕ 84,600, ತಿಂಗಳಿಗೆ ಬೋಧನಾ ಶುಲ್ಕ 29,700. ಆರು ತಿಂಗಳಿಗೆ ಒಟ್ಟು 2,72,600 ಯೆನ್. ಮಾಸ್ಟರ್ಸ್‌ಗೆ ಆಯ್ಕೆಯಾದರೆ ಈ ಹಣವನ್ನು ಸಾಮಾನ್ಯವಾಗಿ ಅಲ್ಲಿನ ಫೀಸಿಗೆ ವಜಾ ಮಾಡಿಕೊಳ್ಳುವುದಿಲ್ಲ: ಹೊಸದಾಗಿ 30,000 ಅರ್ಜಿಗೆ, 2,82,000 ಪ್ರವೇಶಕ್ಕೆ, ಮೊದಲ ಅರ್ಧ ವರ್ಷಕ್ಕೆ 2,67,900. ಬೋಧನಾ ಶುಲ್ಕದ ರಿಯಾಯಿತಿ ಕೆನ್‌ಕ್ಯೂಸೈಗಳಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಮೇಲೆ ಮನೆ: ಅಡ್ವಾನ್ಸು, ಮನೆ ಮಾಲೀಕರಿಗೆ ಕೊಟ್ಟು ವಾಪಸ್ ಬಾರದ ‘ರೇಕಿನ್’, ಬ್ರೋಕರ್ ಕಮಿಷನ್, ಬಾಡಿಗೆಗೆ ಜಾಮೀನು ನಿಲ್ಲುವ ಗ್ಯಾರಂಟಿ ಕಂಪನಿಯ ಫೀಸು, ಬೆಂಕಿ ವಿಮೆ ಎಲ್ಲ ಸೇರಿ ನಾಲ್ಕೈದು ತಿಂಗಳ ಬಾಡಿಗೆ ಒಂದೇ ಸಲ ಕೈಬಿಡುತ್ತದೆ. ವಿಶ್ವವಿದ್ಯಾಲಯದ ಹಾಸ್ಟೆಲ್ ಸಿಕ್ಕರೆ ಬಿಡಬೇಡಿ.

‘ಪಾರ್ಟ್‌ಟೈಮ್ ಮಾಡಿ ತೂಗಿಸಬಹುದು’ ಎನ್ನುವ ಏಜೆಂಟನನ್ನು ನಂಬಬೇಡಿ. ಅನುಮತಿ ಪಡೆದ ಮೇಲೂ ವಾರಕ್ಕೆ 28 ಗಂಟೆ ಮಾತ್ರ. ಎರಡು ಕಡೆ ದುಡಿದರೆ ಎರಡೂ ಸೇರಿ 28, ವಾರವನ್ನು ಯಾವ ದಿನದಿಂದ ಎಣಿಸಿದರೂ 28. ಬಾರು, ಪಚಿಂಕೊ (ಜೂಜಿನ ಯಂತ್ರದ) ಅಂಗಡಿಯಂಥ ಕಡೆ ಪಾತ್ರೆ ತೊಳೆಯುವ ಕೆಲಸವೂ ನಿಷಿದ್ಧ. ಹೆಚ್ಚು ದುಡಿದದ್ದು ವೀಸಾ ನವೀಕರಣಕ್ಕೆ ತೆರಿಗೆ ಪ್ರಮಾಣಪತ್ರ ಕೊಟ್ಟಾಗ ಸಿಕ್ಕಿಬೀಳುತ್ತದೆ. ಅದರಲ್ಲಿ ವರ್ಷದ ಆದಾಯ ಅಚ್ಚಾಗಿರುತ್ತದೆ. 20 ತುಂಬಿದವರಿಗೆ ಪೆನ್ಷನ್ ಕಂತಿನ ಚೀಟಿಯೂ ಮನೆಗೆ ಬರುತ್ತದೆ, 2025ರಲ್ಲಿ ತಿಂಗಳಿಗೆ 17,510 ಯೆನ್. ವಿದ್ಯಾರ್ಥಿಗಳಿಗೆ ಅದನ್ನು ಮುಂದೂಡುವ ಸೌಲಭ್ಯವಿದೆ. ಕೆನ್‌ಕ್ಯೂಸೈಗೂ ಅನ್ವಯಿಸುತ್ತದಾ ಎಂದು ವಾರ್ಡ್ ಆಫೀಸಿನಲ್ಲಿ ವಿಳಾಸ ಬರೆಸುವ ದಿನವೇ ಕೇಳಿ.

ವೀಸಾಗೆ ಬೇಕಾದ ಸಿಒಇ ಎಂಬ ಅರ್ಹತಾ ಪತ್ರವನ್ನು ವಲಸೆ ಇಲಾಖೆಯಿಂದ ಸಾಮಾನ್ಯವಾಗಿ ವಿಶ್ವವಿದ್ಯಾಲಯವೇ ತರಿಸಿಕೊಡುತ್ತದೆ. 2023ರಿಂದ ಅದು ಇಮೇಲ್‌ನಲ್ಲೂ ಬರುತ್ತದೆ. ಅರ್ಜಿಯಲ್ಲಿ ಏಜೆಂಟನ ಇಮೇಲ್ ಹಾಕಿದ್ದರೆ ಪತ್ರ ಅವನ ಕೈಗೆ ಹೋಗುತ್ತದೆ, ‘ಬಾಕಿ ಕಟ್ಟಿ, ಕೊಡುತ್ತೇನೆ’ ಅನ್ನುತ್ತಾನೆ. ಅದರ ಅವಧಿ ಮೂರೇ ತಿಂಗಳು ಎಂದು ಅವನಿಗೂ ಗೊತ್ತು. ಎಲ್ಲ ಕಡೆ ನಿಮ್ಮದೇ ಇಮೇಲ್, ನಿಮ್ಮದೇ ಪಾಸ್‌ವರ್ಡ್ ಇರಲಿ.

ಕೆನ್‌ಕ್ಯೂಸೈ ದಾರಿಯೇ ಮೋಸ ಎಂದು ಹೇಳುತ್ತಿಲ್ಲ. ಜಪಾನ್ ಸರ್ಕಾರದ ಮೆಕ್ಸ್ಟ್ ಸ್ಕಾಲರ್‌ಶಿಪ್‌ನವರೂ ಎಷ್ಟೋ ಜನ ಹಾಗೇ ಹೋಗುತ್ತಾರೆ. ಅವರಿಗೆ ಫೀಸಿಲ್ಲ, ತಿಂಗಳ ಭತ್ಯೆ ಇದೆ. ಆದರೂ ಎಂಟ್ರೆನ್ಸ್ ಪಾಸಾಗದಿದ್ದರೆ ಅವರ ಸ್ಕಾಲರ್‌ಶಿಪ್ಪೂ ಮುಂದುವರಿಯದು. ಸ್ವಂತ ದುಡ್ಡಿನಲ್ಲಿ ಹೋಗುವವರು ಇಂಗ್ಲಿಷ್‌ನಲ್ಲಿ ನಡೆಯುವ ಮಾಸ್ಟರ್ಸ್ ಕೋರ್ಸುಗಳನ್ನು ಮೊದಲು ನೋಡಬೇಕು. ಅನೇಕ ಕಡೆ ದಾಖಲೆ ಪರಿಶೀಲನೆ ಮತ್ತು ಆನ್‌ಲೈನ್ ಸಂದರ್ಶನದಲ್ಲೇ, ಭಾರತದಿಂದ ಹೊರಡುವ ಮುಂಚೆಯೇ ಡಿಗ್ರಿ ಪ್ರವೇಶ ಖಾತ್ರಿಯಾಗುತ್ತದೆ.

ಈಗಾಗಲೇ ಅಲ್ಲಿದ್ದು ಫೇಲಾದವರು ಪ್ರೊಫೆಸರ್ ಹತ್ತಿರ ಅವಧಿ ವಿಸ್ತರಣೆಯ ಮಾತನ್ನು ಕೂಡಲೇ ಎತ್ತಿ, ಮಾರ್ಚ್ ಕೊನೆಗೆ ಬಿಡಬೇಡಿ. ದಾಖಲಾತಿ ಮುಗಿದ ದಿನದಿಂದ, ವೀಸಾ ದಿನಾಂಕ ಇನ್ನೂ ಬಾಕಿ ಇದ್ದರೂ, ಪಾರ್ಟ್‌ಟೈಮ್ ನಿಲ್ಲಿಸಬೇಕು. 14 ದಿನದೊಳಗೆ ವಲಸೆ ಇಲಾಖೆಗೆ ತಿಳಿಸಬೇಕು. ಓದಿಲ್ಲದೆ ಮೂರು ತಿಂಗಳು ಕಳೆದರೆ ವೀಸಾ ರದ್ದು ಮಾಡುವ ಅಧಿಕಾರ ಅವರಿಗಿದೆ. ಊರಿಗೆ ಹೊರಟವರ ಬ್ಯಾಂಕ್ ಕಾರ್ಡು, ಸಿಮ್ಮು ಕೊಳ್ಳುತ್ತೇವೆಂದು ಮೆಸೇಜು ಕಳಿಸುವವರಿರುತ್ತಾರೆ. ಖಾತೆ ಮಾರುವುದು ಅಲ್ಲಿ ಅಪರಾಧ, ಆ ಖಾತೆಯಲ್ಲಿ ಮೋಸದ ಹಣ ಓಡಾಡಿದರೆ ಹುಡುಕುವುದು ನಿಮ್ಮನ್ನೇ. ಬ್ಯಾಂಕಿಗೆ ಖುದ್ದಾಗಿ ಹೋಗಿ ಖಾತೆ ಮುಚ್ಚಿಸಿ, ಮುಚ್ಚಿದ್ದಕ್ಕೆ ಚೀಟಿ ಇಸಿದುಕೊಳ್ಳಿ.